ಊರು ಬಿಟ್ಟ ಮೇಲೂ ಊರಿನವರಾಗಿ ಉಳಿಯುವುದು ಹೇಗೆ?

ಊರು ಬಿಟ್ಟು ಬಂದ ಮೊದಲ ವರ್ಷ ಎಲ್ಲವೂ ಹಸಿಹಸಿಯಾಗಿರುತ್ತದೆ. ಕಣ್ಣು ಮುಚ್ಚಿದರೆ ಬೀದಿ ಕಾಣುತ್ತದೆ. ಯಾರ ಮನೆ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಅನ್ನುವುದೂ ಗೊತ್ತಿರುತ್ತದೆ. ಮೂರನೇ ವರ್ಷದ ಹೊತ್ತಿಗೆ ಫೋನು ಕಮ್ಮಿಯಾಗುತ್ತದೆ. ಐದನೇ ವರ್ಷ ಊರಿಂದ ಒಂದು ಸುದ್ದಿ ಬರುತ್ತದೆ. ಅದು ಆಗಿ ಆಗಲೇ ಆರು ತಿಂಗಳಾಗಿರುತ್ತದೆ. ‘ನಿಂಗೆ ಯಾರೂ ಹೇಳ್ಲಿಲ್ವಾ?’ ಅಂತ ಆ ಕಡೆಯವರು ಕೇಳುತ್ತಾರೆ. ಈ ಮಾತು ನನ್ನ ಕಿವಿಗೆ ಬಿದ್ದ ದಿನ ರಾತ್ರಿ ನಿದ್ದೆ ಹತ್ತಲಿಲ್ಲ.

ನಾವು ಹಂಬಲಿಸುವುದು ಸಾಮಾನ್ಯವಾಗಿ ಬಿಟ್ಟು ಬಂದ ದಿನದ ಊರಿಗೆ. ಊರು ಮಾತ್ರ ಅಲ್ಲೇ ನಿಂತಿರುವುದಿಲ್ಲ. ಅಲ್ಲಿ ಹೊಸ ಮನೆ ಎದ್ದಿರುತ್ತದೆ, ಹಳೇ ಮರ ಬಿದ್ದಿರುತ್ತದೆ, ನಿಮಗೆ ಪರಿಚಯವೇ ಇಲ್ಲದ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ನಂಟು ಗಟ್ಟಿಯಾಗಿ ಉಳಿಯಬೇಕು ಅಂದರೆ ಈಗಿರುವ ಊರಿನ ಪರಿಚಯ ಇರಬೇಕು. ಇಲ್ಲಿ ಬರೆದಿರುವುದನ್ನೆಲ್ಲ ನಾನು ಹಲವು ವರ್ಷಗಳಿಂದ ಮಾಡಿ ನೋಡಿದ್ದೇನೆ. ಕೆಲವನ್ನು ತಪ್ಪು ಮಾಡಿಯೇ ಕಲಿತೆ.

ಮೊದಲು ಕಾಗದ, ಆಮೇಲೆ ಮೊಬೈಲ್

ಒಂದು ದೊಡ್ಡ ಹಾಳೆ, ಪೆನ್ಸಿಲ್, ಒಂದು ಗಂಟೆ ಬಿಡುವು. ಇಷ್ಟು ಸಾಕು. ಮೊಬೈಲನ್ನು ಪಕ್ಕದ ಕೋಣೆಯಲ್ಲಿಟ್ಟು ಬನ್ನಿ. ನಿಮ್ಮ ಮನೆಯಿಂದ ಶಾಲೆಗೆ ಹೋಗುತ್ತಿದ್ದ ದಾರಿಯಿಂದ ಶುರು ಮಾಡಿ ಊರಿನ ನಕ್ಷೆ ಬರೆಯಿರಿ. ಅಳತೆ ಸರಿ ಇರಬೇಕಿಲ್ಲ. ಮರ, ಬಾವಿ, ತಿರುವು, ನಾಯಿ ಬೊಗಳುತ್ತಿದ್ದ ಗೇಟು, ಮಳೆ ಬಂದರೆ ನೀರು ನಿಲ್ಲುತ್ತಿದ್ದ ತಗ್ಗು, ಎಲ್ಲವೂ ಬರಲಿ. ನೆನಪಾಗದ ಕಡೆ ಖಾಲಿ ಬಿಡಿ. ಊಹೆ ಮಾಡಿ ತುಂಬಿಸಬೇಡಿ, ಯಾಕೆಂದರೆ ನಿಮಗೆ ಕೆಲಸಕ್ಕೆ ಬರುವುದು ಆ ಖಾಲಿ ಜಾಗವೇ.

ನನ್ನ ಹಾಳೆಯಲ್ಲಿ ಶಾಲೆಯ ಕಾಂಪೌಂಡಿಗೂ ಅಂಚೆ ಡಬ್ಬಕ್ಕೂ ಮಧ್ಯೆ ಎರಡು ಬೆರಳಗಲ ಬರೀ ಬಿಳಿ ಉಳಿಯಿತು. ಹತ್ತು ವರ್ಷ, ದಿನಕ್ಕೆರಡು ಸಲ ನಡೆದ ದಾರಿ ಅದು. ದೊಡ್ಡಮ್ಮನಿಗೆ ಫೋನ್ ಮಾಡಿದೆ.

‘ದೊಡ್ಡಮ್ಮ, ಅಂಚೆ ಡಬ್ಬದ ಪಕ್ಕ ಏನಿತ್ತು?’

‘ಅಯ್ಯೋ, ಮರೆತುಬಿಟ್ಯಾ? ಕಲ್ಲು ಬೆಂಚು ಇತ್ತಲ್ಲೋ. ನೀನು ಬಿದ್ದು ಗಲ್ಲ ಒಡ್ಕೊಂಡಿದ್ದು ಅಲ್ಲೇ ಅಲ್ವಾ?’

ಗಲ್ಲದ ಮೇಲಿನ ಆ ಗುರುತನ್ನು ದಿನಾ ಕನ್ನಡಿಯಲ್ಲಿ ನೋಡುತ್ತೇನೆ. ಅದು ಎಲ್ಲಿ ಆಗಿದ್ದು ಅನ್ನುವುದೇ ಮರೆತುಹೋಗಿತ್ತು. ಮಾತು ಮುಕ್ಕಾಲು ಗಂಟೆ ನಡೆಯಿತು. ಬೆಂಚು ಈಗಿಲ್ಲ. ರಸ್ತೆ ಅಗಲ ಮಾಡುವಾಗ ಕಿತ್ತರಂತೆ. ಅದರ ಚಪ್ಪಡಿ ಈಗ ಯಾರದೋ ಮನೆಯ ಮೊದಲ ಮೆಟ್ಟಿಲಾಗಿದೆಯಂತೆ. ಒಂದು ಖಾಲಿ ಜಾಗ ಕೇಳಿಸಿದ ಪ್ರಶ್ನೆ ಹಳೇ ಊರಿನಿಂದ ಹೊರಟು ಇವತ್ತಿನ ಊರಿಗೆ ತಂದು ನಿಲ್ಲಿಸಿತು.

ಹಾಳೆ ಮುಗಿದ ಮೇಲೆ ಉಪಗ್ರಹದ ಚಿತ್ರದ ಜೊತೆ ಹೋಲಿಸಿ ನೋಡಿ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ತೆರೆದರೆ ಹಿಂದಿನ ವರ್ಷಗಳ ಚಿತ್ರಗಳೂ ಸಿಗುತ್ತವೆ. ಇನ್ನೂ ಹಿಂದಕ್ಕೆ ಹೋಗಬೇಕಾದರೆ ಅಮೆರಿಕದ ಉಪಗ್ರಹ ಸರಣಿಯಾದ ಲ್ಯಾಂಡ್‌ಸ್ಯಾಟ್‌ನ ಚಿತ್ರಗಳಿವೆ. ಈ ಸರಣಿಯ ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ. ಚಿತ್ರಗಳನ್ನು 2008ರಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದಾರೆ. ಇವುಗಳಲ್ಲಿ ಹೆಚ್ಚಿನವುಗಳ ಒಂದು ಚುಕ್ಕಿ ಅಂದರೆ ನೆಲದ ಮೇಲೆ 30 ಮೀಟರ್. ಹಾಗಾಗಿ ಮನೆ ಕಾಣುವುದಿಲ್ಲ. ಆದರೆ ಕೆರೆ ಎಷ್ಟು ಕುಗ್ಗಿದೆ, ಊರು ಯಾವ ದಿಕ್ಕಿಗೆ ಬೆಳೆದಿದೆ ಅನ್ನುವುದು ಚೆನ್ನಾಗಿ ತಿಳಿಯುತ್ತದೆ.

ವಾರಕ್ಕೊಂದು ಫೋನು, ಸಣ್ಣ ಪ್ರಶ್ನೆ

‘ಬಿಡುವಾದಾಗ ಮಾಡ್ತೀನಿ’ ಅಂದರೆ ಫೋನ್ ಮಾಡುವುದೇ ಇಲ್ಲ. ವಾರ, ಹೊತ್ತು ಎರಡನ್ನೂ ಗೊತ್ತು ಮಾಡಿಕೊಳ್ಳಿ. ಆ ಕಡೆಯವರಿಗೂ ಹೇಳಿಡಿ. ಕಾಯುವವರು ಇದ್ದಾರೆ ಅಂದರೆ ತಪ್ಪಿಸಲು ಮನಸ್ಸು ಬರುವುದಿಲ್ಲ.

ಬೇರೆ ದೇಶದಲ್ಲಿದ್ದರೆ ಗಡಿಯಾರದ ಕಡೆ ಸ್ವಲ್ಪ ಗಮನ ಇರಲಿ. ಅಮೆರಿಕದ ಹೆಚ್ಚಿನ ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕುತ್ತಾರೆ. ಯುರೋಪಿನ ಬಹುತೇಕ ದೇಶಗಳಲ್ಲಿ ಅದೇ ತಿಂಗಳ ಕೊನೇ ಭಾನುವಾರ. ಎಷ್ಟೋ ದೇಶಗಳಲ್ಲಿ ಈ ಪದ್ಧತಿಯೇ ಇಲ್ಲ. ಹೀಗಾಗಿ ನಿಮ್ಮ ಊರಿಗೂ ನಿಮಗೂ ಇರುವ ಅಂತರ ವರ್ಷವಿಡೀ ಒಂದೇ ಇರಬೇಕೆಂದಿಲ್ಲ. ಕ್ಯಾಲೆಂಡರಿನಲ್ಲಿ ನೆನಪಿನ ಗಂಟೆ ಇಡುವಾಗ ಊರಿನ ಸಮಯವನ್ನೇ ಆರಿಸಿ. ಬದಲಾಯಿಸಿಕೊಳ್ಳುವ ಕಷ್ಟ ನಿಮಗಿರಲಿ. ಅಲ್ಲಿ ಕಾಯುತ್ತಾ ಕೂತ ಹಿರಿಯರಿಗೆ ಬೇಡ.

ಇನ್ನು ಮಾತು. ‘ಏನು ವಿಶೇಷ?’ ಅಂತ ಕೇಳಿದರೆ ‘ಏನಿಲ್ಲಪ್ಪ’ ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಇವತ್ತು ಬೆಳಗ್ಗೆ ಮೊದಲು ಯಾರು ಸಿಕ್ಕಿದರು? ಎದುರು ಮನೆಯ ಖಾಲಿ ಸೈಟಿನಲ್ಲಿ ಕೆಲಸ ಶುರುವಾಯಿತಾ? ಬಾವಿಯಲ್ಲಿ ನೀರು ಎಷ್ಟು ಮೆಟ್ಟಿಲು ಕೆಳಗಿದೆ? ಇಂಥ ಪ್ರಶ್ನೆಗೆ ‘ಏನಿಲ್ಲ’ ಅನ್ನಲು ಬರುವುದಿಲ್ಲ. ಒಂದು ಪುಟ್ಟ ಪುಸ್ತಕ ಇಟ್ಟುಕೊಂಡು ಉತ್ತರಗಳನ್ನು ತಾರೀಖಿನ ಜೊತೆ ಬರೆದಿಡಿ. ಮುಂದಿನ ವಾರದ ಪ್ರಶ್ನೆ ಅದರೊಳಗಿಂದಲೇ ಹುಟ್ಟುತ್ತದೆ.

ಮನೆಯವರ ಜೊತೆಗೆ, ನೆಂಟರಲ್ಲದ ಒಬ್ಬರ ಸ್ನೇಹವನ್ನೂ ಉಳಿಸಿಕೊಳ್ಳಿ. ಶಾಲೆಯ ಗೆಳೆಯ, ಪಕ್ಕದ ಬೀದಿಯ ಅಕ್ಕ, ಯಾರಾದರೂ ಸರಿ. ಮನೆಯವರು ನಿಮಗೆ ಬೇಜಾರಾಗುತ್ತದೆ ಅಂತ ಕೆಲವು ಸುದ್ದಿ ಹೇಳುವುದೇ ಇಲ್ಲ.

ದನಿ ಹಿಡಿದಿಡಿ, ಈ ವರ್ಷವೇ

ಈ ಒಂದು ಕೆಲಸವನ್ನು ಮುಂದಕ್ಕೆ ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಊರಿನ ಕತೆ ಗೊತ್ತಿರುವ ಹಿರಿಯರ ದನಿಯನ್ನು ಮುದ್ರಿಸಿಕೊಳ್ಳಿ. ಮೊದಲು ಅವರ ಒಪ್ಪಿಗೆ ಕೇಳಿ. ಯಾರಿಗೆಲ್ಲ ಕೇಳಿಸುತ್ತೀರಿ ಅನ್ನುವುದನ್ನೂ ಹೇಳಿ.

ಕಿಟಕಿ ಮುಚ್ಚಿದ, ಬಟ್ಟೆಬರೆ ಜಾಸ್ತಿ ಇರುವ ಕೋಣೆ ಒಳ್ಳೆಯದು. ಖಾಲಿ ಗೋಡೆಯ ಕೋಣೆಯಲ್ಲಿ ದನಿ ಮಾರ್ದನಿಸುತ್ತದೆ. ಫ್ಯಾನ್ ಆರಿಸಿ. ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲ್ ಮೇಲೆ ಇಡಿ, ಮೇಜಿನ ಸದ್ದು ಅದಕ್ಕೆ ಹತ್ತುವುದಿಲ್ಲ. ಅವರ ಬಾಯಿಗೂ ಫೋನಿಗೂ ಒಂದು ಗೇಣು, ಒಂದೂವರೆ ಗೇಣು ದೂರ ಇರಲಿ. ಶುರುವಿನಲ್ಲಿ ತಾರೀಖು, ಜಾಗ, ಮಾತಾಡುವವರ ಹೆಸರು ಹೇಳಿ.

ಒಂದು ಸಲಕ್ಕೆ ಒಂದೇ ವಿಷಯ, ಅರ್ಧ ಗಂಟೆ ಸಾಕು. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಅಂದರೆ ಯಾರಿಗಾದರೂ ಮಾತು ಕಟ್ಟುತ್ತದೆ. ‘ಮೊದಲ ಸಲ ಕರೆಂಟು ಬಂದ ದಿನ ಮನೇಲಿ ಯಾರ್ಯಾರಿದ್ರಿ?’ ಅಂತ ಕೇಳಿ ನೋಡಿ. ಅವರು ಹೇಳಿ ಮುಗಿಸಿದ ತಕ್ಷಣ ಮುಂದಿನ ಪ್ರಶ್ನೆ ಹಾಕಬೇಡಿ. ಮನಸ್ಸಿನಲ್ಲೇ ಐದು ಎಣಿಸಿ. ದೊಡ್ಡಮ್ಮ ಒಂದು ಸಲ ಮಾತು ನಿಲ್ಲಿಸಿ, ಸೆರಗಿನಿಂದ ಕನ್ನಡಕ ಒರೆಸಿ, ಮತ್ತೆ ಹಾಕಿಕೊಂಡರು. ಆ ಒರೆಸುವ ಸದ್ದೂ ಮುದ್ರಣದಲ್ಲಿದೆ. ಅದಾದ ಮೇಲೆ ಅವರು ಹೇಳಿದ್ದನ್ನು ಅದಕ್ಕೆ ಮೊದಲು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆ್ಯಪ್‌ನಲ್ಲಿ ಆಯ್ಕೆ ಇದ್ದರೆ ವೇವ್ (WAV) ಮಾದರಿಯಲ್ಲಿ ಉಳಿಸಿ, ಅದು ದನಿಯನ್ನು ಪೂರ್ತಿ ಇಟ್ಟುಕೊಳ್ಳುತ್ತದೆ. ಒಂಟಿ ಚಾನೆಲ್‌ನಲ್ಲಿ (ಮೋನೊ), ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 5 ಎಂಬಿ ಜಾಗ ಬೇಕು. ಎಂಪಿ3 ಚಿಕ್ಕದು, ಆದರೆ ದನಿಯ ಒಂದಿಷ್ಟು ಭಾಗವನ್ನು ಬಿಟ್ಟೇ ಅದು ಚಿಕ್ಕದಾಗುವುದು. ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ದಿನ ಬರೆದರೆ ಎಲ್ಲವೂ ತಾನಾಗಿಯೇ ಸಾಲಾಗಿ ನಿಲ್ಲುತ್ತವೆ. ಮೂರು ಪ್ರತಿ ಮಾಡಿ. ಎರಡು ಬೇರೆ ಬೇರೆ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿ ಅಥವಾ ಕ್ಲೌಡ್‌ನಲ್ಲಿರಲಿ. ಫೋನೊಂದರಲ್ಲೇ ಇಟ್ಟುಕೊಂಡರೆ ಫೋನು ಹೋದ ದಿನ ದನಿಯೂ ಹೋಗುತ್ತದೆ.

ಹಳೇ ಫೋಟೋಗಳಿಗೂ ಇದೇ ಕ್ರಮ. ಸಣ್ಣ ಫೋಟೋಗಳನ್ನು 600 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕಿಯಂತೆ, ಸ್ಕ್ಯಾನ್ ಮಾಡಿ. ಹಿಂದೆ ಹೆಸರು ಬರೆಯುವುದಿದ್ದರೆ ಪೆನ್ನು ಬೇಡ, ಮೆತ್ತನೆ ಪೆನ್ಸಿಲ್ ಹಿಡಿದು ಹಗುರಾಗಿ ಬರೆಯಿರಿ. ವಿಡಿಯೊ ಕರೆಯಲ್ಲಿ ಫೋಟೋ ತೋರಿಸಿ, ಎಡದಿಂದ ಬಲಕ್ಕೆ ಯಾರ್ಯಾರು ಅಂತ ಕೇಳಿ ಬರೆದುಕೊಳ್ಳಿ.

ಊರಿನ ಮಾತು

ಪ್ರತಿ ಊರಿಗೂ ತನ್ನದೇ ಕೆಲವು ಮಾತುಗಳಿರುತ್ತವೆ. ದೂರ ಹೋದವರ ಬಾಯಿಂದ ಮೊದಲು ಜಾರುವುದು ಅವೇ. ಪುಸ್ತಕದ ಕೊನೆಯ ಪುಟಗಳನ್ನು ಇದಕ್ಕೆ ಬಿಡಿ. ಬರೀ ಪದ ಬರೆದರೆ ಸಾಲದು. ಯಾರು, ಯಾವಾಗ, ಯಾವ ದನಿಯಲ್ಲಿ ಅಂದರು ಅನ್ನುವುದನ್ನೂ ಬರೆಯಿರಿ. ಫೋನಿನಲ್ಲಿ ನೀವೂ ಹಾಗೇ ಮಾತಾಡಿ, ನಾಚಿಕೆ ಬೇಡ.

ನೆನಪು ಒತ್ತಿ ಬಂದಾಗ

ಇಷ್ಟೆಲ್ಲ ಮಾಡಿದರೂ ಕೆಲವು ದಿನ ಸುಮ್ನೆ ಎದೆ ಭಾರವಾಗುತ್ತದೆ. 1688ರಲ್ಲಿ ಯೊಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ ವಿದ್ಯಾರ್ಥಿ ಈ ನೋವಿನ ಬಗ್ಗೆ ಪ್ರಬಂಧ ಬರೆದು ಅದನ್ನು ‘ನಾಸ್ಟಾಲ್ಜಿಯಾ’ ಅಂತ ಕರೆದ. ಗ್ರೀಕಿನಲ್ಲಿ ಮನೆಗೆ ಮರಳುವುದು, ನೋವು ಎಂಬ ಎರಡು ಪದ ಸೇರಿಸಿ ಮಾಡಿದ ಹೆಸರು ಅದು. ಅವನ ಕಣ್ಣಿಗೆ ಇದೊಂದು ಕಾಯಿಲೆ. ಈಗಿನ ಮನಶ್ಶಾಸ್ತ್ರಜ್ಞರು ಹಾಗೆ ನೋಡುವುದಿಲ್ಲ. ಊರಿನ ನೆನಪು ಒಂಟಿತನದ ಹೊತ್ತಿನಲ್ಲಿ ಜನರಿಗೆ ಆಸರೆಯೂ ಆಗುತ್ತದೆ ಎನ್ನುತ್ತಾರೆ.

ವಾಸನೆಯ ಸಂಗತಿಯನ್ನೂ ಹೇಳಬೇಕು. ಮೂಗಿನಿಂದ ಹೊರಟ ಸಂದೇಶ ಮಿದುಳಿನಲ್ಲಿ ಭಾವನೆ, ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ಹೋಗುತ್ತದೆ. ಅದಕ್ಕೇ ಒಂದು ವಾಸನೆ ಬಡಿದರೆ ಸಾಕು, ಇಡೀ ಅಂಗಳ ಕಣ್ಣೆದುರು ಬಂದುಬಿಡುತ್ತದೆ. ಒಣ ನೆಲದ ಮೇಲೆ ಬೀಳುವ ಮೊದಲ ಮಳೆಯ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ‘ಪೆಟ್ರಿಕೋರ್’ ಅಂತ ಹೆಸರಿಟ್ಟರು. ಅದರಲ್ಲಿರುವ ಮಣ್ಣಿನ ಘಮ ಬರುವುದು ಜಿಯೋಸ್ಮಿನ್ ಎಂಬ ವಸ್ತುವಿನಿಂದ. ಅದನ್ನು ಮಾಡುವ ಬ್ಯಾಕ್ಟೀರಿಯಾಗಳು ಲೋಕದ ಎಲ್ಲಾ ಕಡೆಯ ಮಣ್ಣಿನಲ್ಲೂ ಇವೆ. ನೀವಿರುವ ಹೊಸ ಜಾಗದಲ್ಲಿ ಮೊದಲ ಮಳೆ ಬಂದಾಗ ಕಿಟಕಿ ತೆರೆದು ನಿಲ್ಲಿ. ಆ ಹೊತ್ತಿಗೆ ಊರಿಗೊಂದು ಫೋನ್ ಮಾಡಿ, ಅಲ್ಲಿ ಮಳೆ ಹೇಗಿದೆ ಕೇಳಿ.

ಊರಿಗೆ ಕೆಲಸಕ್ಕೆ ಬನ್ನಿ

ನನ್ನ ದೊಡ್ಡ ತಪ್ಪು ಇಲ್ಲಿದೆ. ಒಂದು ವರ್ಷ ಶಾಲೆಗೆ ಎರಡು ಪೆಟ್ಟಿಗೆ ಪುಸ್ತಕ ಕಳಿಸಿದೆ. ಯಾರನ್ನೂ ಒಂದು ಮಾತು ಕೇಳಿರಲಿಲ್ಲ. ಮರುವರ್ಷ ಹೋದಾಗ ಪೆಟ್ಟಿಗೆಗಳು ಗೋಡೆಗೆ ಒರಗಿಕೊಂಡು ಹಾಗೇ ಇದ್ದವು, ಟೇಪು ಕೂಡ ಕಿತ್ತಿರಲಿಲ್ಲ. ಇಡಲು ಕಪಾಟಿರಲಿಲ್ಲ, ಪುಸ್ತಕಗಳು ಆ ಮಕ್ಕಳ ಓದಿಗೆ ಮೀರಿದ್ದವು. ‘ಏನು ಬೇಕು?’ ಅಂತ ಆಗ ಕೇಳಿದೆ. ಟೀಚರ್ ಹೇಳಿದ್ದು ಇಷ್ಟೇ: ‘ಮಕ್ಕಳು ಗಟ್ಟಿಯಾಗಿ ಓದೋದನ್ನ ಕೂತು ಕೇಳೋರು ಬೇಕು.’ ಅಂದಿನಿಂದ ಶನಿವಾರ ಅರ್ಧ ಗಂಟೆ ಫೋನಿನಲ್ಲಿ ಕೇಳುತ್ತೇನೆ. ಅದಕ್ಕೆ ಖರ್ಚೇ ಇಲ್ಲ. ಹೊಸ ಮಕ್ಕಳ ಹೆಸರು ಈಗ ನನಗೆ ಗೊತ್ತು, ಅವರಿಗೂ ನಾನು ಗೊತ್ತು.

ಹಾಗಾಗಿ ಮೊದಲು ಕೇಳಿ, ಆಮೇಲೆ ಮಾಡಿ. ಒಂದೇ ಸಲದ ದೊಡ್ಡ ಕೆಲಸಕ್ಕಿಂತ ತಪ್ಪದೆ ನಡೆಯುವ ಸಣ್ಣ ಕೆಲಸ ನನಗೆ ಹೆಚ್ಚು ಅನ್ನಿಸುತ್ತದೆ. ಅರ್ಜಿ ತುಂಬಿಸಿಕೊಡುವುದು, ಕಾಗದಪತ್ರ ಓದಿ ಅರ್ಥ ಹೇಳುವುದು, ಕೆಲಸ ಹುಡುಕುವ ಹುಡುಗರಿಗೆ ದಾರಿ ತೋರಿಸುವುದು ಎಲ್ಲವೂ ದೂರದಿಂದಲೇ ಆಗುತ್ತದೆ.

ಊರಿನ ಹೆಸರುಗಳನ್ನು ಉಳಿಸುವುದೂ ಅಂಥದ್ದೇ ಕೆಲಸ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದ ನಕ್ಷೆ, ಯಾರು ಬೇಕಾದರೂ ಅದಕ್ಕೆ ಸೇರಿಸಬಹುದು. ಕಾಲುದಾರಿ, ಬಾವಿ, ಜನ ಕರೆಯುವ ಹೆಸರು ಹಾಕಿ. ಊರಿನವರನ್ನು ಕೇಳಿ ಖಾತ್ರಿ ಮಾಡಿಕೊಂಡೇ ಹಾಕಿ. ಬೇರೆ ನಕ್ಷೆಗಳಿಂದ ನೋಡಿ ಇಳಿಸುವ ಹಾಗಿಲ್ಲ. ಯಾರ ಮನೆ ಯಾವುದು ಅನ್ನುವ ಖಾಸಗಿ ವಿವರವೂ ಬೇಡ.

ಹೋದಾಗ

ಊರಿಗೆ ಹೋಗುವಾಗ ಒಂದು ದಿನವನ್ನು ಪೂರ್ತಿ ಖಾಲಿ ಬಿಡಿ. ನೆಂಟರ ಮನೆ, ಕೆಲಸ ಯಾವುದೂ ಆ ದಿನ ಬೇಡ. ನೀವು ಬರೆದ ಹಾಳೆ ಹಿಡಿದು, ಶಾಲೆಗೆ ಹೋಗುತ್ತಿದ್ದ ಹೊತ್ತಿಗೇ ಅದೇ ದಾರಿಯಲ್ಲಿ ನಡೆಯಿರಿ. ಬದಲಾಗಿದ್ದನ್ನು ಕಂಡು ‘ಮೊದಲು ಹೀಗಿರಲಿಲ್ಲ’ ಅಂತ ಅಲ್ಲಿರುವವರ ಮುಂದೆ ಹೇಳುತ್ತಾ ಹೋಗಬೇಡಿ. ಅವರು ದಿನಾ ಬಾಳುವ ಊರು ಅದು. ಹೇಗೆ ಬದಲಾಯಿತು ಅಂತ ಕೇಳಿ.

ಐದಾರು ಜಾಗ ಆರಿಸಿ, ಪ್ರತಿ ಸಲವೂ ಅಲ್ಲೇ ನಿಂತು, ಅದೇ ದಿಕ್ಕಿಗೆ ಫೋಟೋ ತೆಗೆಯಿರಿ. ಹಿಮನದಿಗಳು ಕರಗುವುದನ್ನು ವಿಜ್ಞಾನಿಗಳು 19ನೇ ಶತಮಾನದಿಂದಲೂ ಹೀಗೇ ಗಮನಿಸುತ್ತಾ ಬಂದಿದ್ದಾರೆ. ಹಿಂದಿನ ಫೋಟೋವನ್ನು ಮೊಬೈಲಿನಲ್ಲಿ ತೆರೆದಿಟ್ಟುಕೊಂಡು, ಕಂಬವೋ ಮನೆಯ ಮೂಲೆಯೋ ಒಂದು ಗುರುತು ಹೊಂದಿಸಿಕೊಂಡರೆ ಚೌಕಟ್ಟು ಸರಿಯಾಗಿ ಕೂರುತ್ತದೆ.

ಹೊರಡುವ ಮುಂಚೆ ಪುಸ್ತಕ ತೆಗೆದು ಮುಂದಿನ ಫೋನಿನ ಪ್ರಶ್ನೆ ಬರೆದುಕೊಳ್ಳಿ. ಹೋದ ಸಲ ನಾನು ಬಸ್ಸಿಗೆ ಕಾಯುತ್ತಾ ಬರೆದದ್ದು ಹೀಗಿದೆ: ‘ಅಂಚೆ ಡಬ್ಬದ ಹತ್ತಿರ ನೆಟ್ಟ ಸಸಿಗೆ ಬೇಲಿ ಇಲ್ಲ. ಯಾರು ನೀರು ಹಾಕ್ತಾರೆ, ಕೇಳಬೇಕು.’