ಬೋರ್‌ವೆಲ್‌ನಲ್ಲಿ ಚಪ್ಪಟೆಯಾದ ಕೊಳವೆ

ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ 300 ಅಡಿ ಬೋರ್‌ವೆಲ್ ಇದೆ. ಅದರಲ್ಲಿ ನೀರು ದಿನಾ ಎಷ್ಟು ಇಳಿಯುತ್ತದೆ, ಏರುತ್ತದೆ ಅಂತ ದಾಖಲಿಸುವ ಸಣ್ಣ ಯಂತ್ರ ಮಾಡಿದೆ. ಬ್ಯಾಟರಿ, ಸರ್ಕ್ಯೂಟನ್ನು 63 ಮಿ.ಮೀ. ಪಿವಿಸಿ ಪೈಪಿನ ತುಂಡಿನಲ್ಲಿಟ್ಟು, ಎರಡೂ ಬದಿ ಮುಚ್ಚಿ, 290 ಅಡಿಗೆ ಇಳಿಬಿಟ್ಟೆ. ಮೇ ಕೊನೆಗೆ ಎತ್ತಿ ನೋಡಿದಾಗ ಎಲ್ಲ ಸರಿಯಿತ್ತು. ಜುಲೈನಲ್ಲಿ ಎತ್ತಿದರೆ ಕೊಳವೆ ಚಪ್ಪಟೆಯಾಗಿತ್ತು. ಮೂರು ತಿಂಗಳ ಕೆಲಸ ನೀರುಪಾಲು. ತುಂಬಾ ಬೇಜಾರಾಯಿತು.

ಶಿವಮೊಗ್ಗದ ಲೇತ್ ಮೇಸ್ತ್ರಿಗೆ ತೋರಿಸಿದೆ. "ಇದು ಎಂಟು ಕೆಜಿ ಪೈಪ್ ಅಲ್ವಾ?" ಅಂದೆ, ಚದರ ಸೆಂ.ಮೀ.ಗೆ ಎಂಟು ಕೆಜಿ ಒತ್ತಡ ತಡೆಯುವಂಥದ್ದು ಅಂತ. "ಆ ಎಂಟು ಕೆಜಿ ಒಳಗಿಂದ ಒತ್ತುವ ನೀರಿಗೆ ಮಾರಾಯ್ರೇ, ಹೊರಗಿಂದ ಒತ್ತೋದಕ್ಕೆ ಅಲ್ಲ" ಅಂದರು.

ಇಡೀ ವಿಷಯ ಇರುವುದು ಇಲ್ಲೇ. ಒಳಗಿನ ಒತ್ತಡ ಪೈಪನ್ನು ಇನ್ನಷ್ಟು ಗುಂಡಗೆ ಮಾಡುತ್ತದೆ. ಹೊರಗಿನ ಒತ್ತಡ ಹಾಗಲ್ಲ. ಪೈಪ್ ಎಲ್ಲಾದರೂ ಚೂರು ಸೊಟ್ಟಗಿದ್ದರೆ ಅಲ್ಲೇ ಹಿಡಿದು ಒಳಕ್ಕೆ ತಳ್ಳುತ್ತದೆ. ಬಿಸಿಲಲ್ಲಿ ಬಿದ್ದಿದ್ದ ನನ್ನ ಪೈಪ್ ಆಗಲೇ ಸ್ವಲ್ಪ ಮೊಟ್ಟೆಯಾಕಾರಕ್ಕೆ ಬಂದಿತ್ತು. ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ಉಪಕರಣ) ಹಿಡಿದು ಎರಡು ದಿಕ್ಕಿನಲ್ಲಿ ಅಳೆದಿದ್ದರೆ ಗೊತ್ತಾಗುತ್ತಿತ್ತು.

ಇನ್ನೊಂದು ತಪ್ಪು ಲೆಕ್ಕದ್ದು. ಒತ್ತಡ ಬರುವುದು ನೆಲದಿಂದ ಎಷ್ಟು ಆಳ ಅನ್ನುವುದರಿಂದಲ್ಲ, ಕೊಳವೆಯ ಮೇಲೆ ಎಷ್ಟು ನೀರು ನಿಂತಿದೆ ಅನ್ನುವುದರಿಂದ. ಹತ್ತು ಮೀಟರ್ ನೀರಿಗೆ ಒಂದು ಕೆಜಿ. ಏಪ್ರಿಲ್‌ನಲ್ಲಿ ನೀರು ನೆಲದಿಂದ 180 ಅಡಿ ಕೆಳಗಿತ್ತು, ಅಂದರೆ ಕೊಳವೆಯ ಮೇಲೆ 110 ಅಡಿ ನೀರು, ಒತ್ತಡ ಮೂರು ಕೆಜಿ ಚಿಲ್ಲರೆ. ನಮ್ಮ ಮಳೆ ಗೊತ್ತಲ್ಲ, ಜುಲೈಗೆ 30 ಅಡಿಗೆ ಬಂತು. ಅಂದರೆ ಎಂಟು ಕೆಜಿ! ಮೂರು ಮಿ.ಮೀ. ಗೋಡೆಯ ಆ ಪೈಪ್ ಪೂರ್ತಿ ಗುಂಡಗಿದ್ದರೂ ಕುಸಿಯುವುದು ಹೆಚ್ಚುಕಡಿಮೆ ಅಷ್ಟಕ್ಕೇ. ಮೇಲಾಗಿ ತಿಂಗಳುಗಟ್ಟಲೆ ಭಾರ ಹೊತ್ತರೆ ಪಿವಿಸಿ ನಿಧಾನಕ್ಕೆ ಬಾಗುತ್ತದೆ. ಗೋಡೆಯ ದಪ್ಪ ಅರ್ಧವಾದರೆ ಕುಸಿತ ತಡೆಯುವ ಶಕ್ತಿ ಅರ್ಧವಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ. ಇದನ್ನು ನೆನಪಿಡಿ.

ಎರಡನೆಯದನ್ನು ಅಷ್ಟೇ ದಪ್ಪದ 304 ಸ್ಟೇನ್‌ಲೆಸ್ ಸ್ಟೀಲ್ ಪೈಪಿನಲ್ಲಿ ಮಾಡಿಸಿದೆ. ಬಾಗದೆ ನಿಲ್ಲುವುದರಲ್ಲಿ ಅದು ಪಿವಿಸಿಗಿಂತ ಸುಮಾರು 60 ಪಟ್ಟು ಬಿಗಿ. ಮುಚ್ಚಳಕ್ಕೆ ನೀರು ಒಳನುಗ್ಗದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್, ಎರಡೆರಡು. ಮೂರು ಮಿ.ಮೀ. ರಿಂಗಿಗೆ 2.4 ಮಿ.ಮೀ. ಆಳದ ತೋಡು ಕೊರೆಸಿದೆ, ರಿಂಗ್ ಸ್ವಲ್ಪ ಒತ್ತಿ ಕೂರಬೇಕಲ್ಲ.

ಈ ಸಲ ಸುಮ್ನೆ ಇಳಿಬಿಡಲಿಲ್ಲ. ಒಳಗೆ ಬರೀ ನ್ಯೂಸ್‌ಪೇಪರ್ ತುರುಕಿ, ನೀರು ತುಂಬಿದ ದಪ್ಪ ಕಬ್ಬಿಣದ ಪೈಪಿನೊಳಗಿಟ್ಟು, ಕೈಪಂಪಿನಿಂದ 14 ಕೆಜಿ ಒತ್ತಡ ಕೊಟ್ಟು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಬಿಚ್ಚಿದಾಗ ಪೇಪರ್ ಗರಿಗರಿಯಾಗಿತ್ತು. ಆಮೇಲೆ ಎರಡು ಮಳೆಗಾಲ ಕಳೆದಿದೆ, ಯಂತ್ರ ಇನ್ನೂ ಬಾವಿಯಲ್ಲೇ ಇದೆ. ದೀಪಾವಳಿಗೊಮ್ಮೆ ಎತ್ತಿ ಓ-ರಿಂಗ್ ಬದಲಿಸುತ್ತೇನೆ.