ಬಸುರಿಯ ಸ್ಕ್ಯಾನಿಂಗ್‌ನಲ್ಲಿ ಸಿಸ್ಟ್ ಕಂಡರೆ

ಮಗುವಿನ ಎದೆಬಡಿತ ನೋಡಲು ಹೋದವರ ರಿಪೋರ್ಟಿನಲ್ಲಿ ‘ಓವರಿಯಲ್ಲಿ ಸಿಸ್ಟ್’ (ಅಂಡಾಶಯದಲ್ಲಿ ಗುಳ್ಳೆ) ಎಂಬ ಸಾಲು ಕಂಡರೆ ಮನೆಮಂದಿಗೆಲ್ಲ ದಿಗಿಲು. ಹೆಚ್ಚಿನ ಸಲ ಅದು ರೋಗವೇ ಅಲ್ಲ. ಅಂಡ ಹೊರಬಂದ ಜಾಗದಲ್ಲಿ ಉಳಿಯುವ ಕಾರ್ಪಸ್ ಲೂಟಿಯಂ ನೀರು ತುಂಬಿಕೊಂಡಿರುತ್ತದೆ. ಮೊದಲ ವಾರಗಳಲ್ಲಿ ಬಸಿರು ಉಳಿಸಿಕೊಳ್ಳುವ ಪ್ರೊಜೆಸ್ಟರಾನ್ ಹಾರ್ಮೋನು ಅದರದ್ದೇ ಕೊಡುಗೆ. ಸಾಮಾನ್ಯವಾಗಿ 16 ವಾರದೊಳಗೆ ತಾನಾಗಿ ಕರಗುತ್ತದೆ.

ಮೊದಲು ರಿಪೋರ್ಟ್ ಓದಿ: ಯಾವ ಬದಿ, ಎಷ್ಟು ದೊಡ್ಡದು, ಒಳಗಿರುವುದು ಬರೀ ನೀರೋ ಗಟ್ಟಿ ಭಾಗವೂ ಇದೆಯೋ. 48 ಎಂದಿದ್ದರೆ ಗಾಬರಿ ಬೇಡ, ಅದು ಮಿಲಿಮೀಟರ್, ಅಂದರೆ 4.8 ಸೆಂ.ಮೀ. ತೆಳು ಗೋಡೆಯ, 5 ಸೆಂ.ಮೀ.ಗಿಂತ ಚಿಕ್ಕ ನೀರುಗುಳ್ಳೆಗೆ ಕಾದು ನೋಡುವುದೇ ಚಿಕಿತ್ಸೆ. ಓವರಿ ಕ್ಯಾನ್ಸರ್ ಅನುಮಾನಕ್ಕೆ ಮಾಡಿಸುವ ಸಿಎ-125 ರಕ್ತಪರೀಕ್ಷೆಯ ಅಂಕಿ ಬಸಿರಿನಲ್ಲಿ ಸುಮ್ಮನೆಯೂ ಏರುತ್ತದೆ, ಅದೊಂದನ್ನೇ ನಂಬಬೇಡಿ.

ಈ ಮೊದಲ ರಿಪೋರ್ಟ್ ತಾಯಿ ಕಾರ್ಡಿನೊಳಗೇ ಇರಲಿ. ಗರ್ಭಕೋಶ ಬೆಳೆದಂತೆ ಓವರಿ ಮರೆಯಾಗುತ್ತದೆ. ಆಮೇಲೆ ಹೋಲಿಸಲು ಈ ಅಳತೆಯೇ ಆಧಾರ. ಮರು ಸ್ಕ್ಯಾನಿನ ದಿನ ವೈದ್ಯರನ್ನೇ ಕೇಳಿ ಬರೆಸಿಕೊಳ್ಳಿ. ಮಳೆಗಾಲದಲ್ಲಿ ನಿಮ್ಮೂರಿನ ದಾರಿ ಹೊಳೆಯ ಮರ್ಜಿಯಾದರೆ ಅದನ್ನೂ ಅವರಿಗೆ ಹೇಳಿ.

ಸಿಸ್ಟ್ ತೀರಾ ದೊಡ್ಡದಿದ್ದರೆ, ಬೆಳೆಯುತ್ತಿದ್ದರೆ, ಗಟ್ಟಿ ಭಾಗ ಅನುಮಾನ ತಂದರೆ ಆಪರೇಷನ್ ಮಾತು ಬರುತ್ತದೆ. ತುರ್ತಿಲ್ಲದಿದ್ದರೆ ನಾಲ್ಕು–ಐದನೇ ತಿಂಗಳಿಗೆ ಇಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ಪ್ರೊಜೆಸ್ಟರಾನ್ ಹೊಣೆ ಮಾಸುಚೀಲ ಹೊತ್ತಿರುತ್ತದೆ.

ನಿಜವಾದ ಭಯ ಓವರಿ ತಿರುಚಿಕೊಳ್ಳುವುದು. ಸಿಸ್ಟಿನ ಭಾರಕ್ಕೆ ಅದು ತನ್ನ ತೊಟ್ಟಿನಲ್ಲೇ ಸುತ್ತಿ ರಕ್ತ ನಿಂತುಹೋಗುತ್ತದೆ. ದೊಡ್ಡ ಸಿಸ್ಟ್ ಇರುವವರು ಕಾಫಿ ಹಣ್ಣಿನ ಚೀಲ ಹೊರುವುದು ಬೇಡ. ಕಿಬ್ಬೊಟ್ಟೆಯ ಒಂದೇ ಬದಿಗೆ ಥಟ್ಟನೆ ಹಿಂಡುವ ನೋವು, ಜೊತೆಗೆ ವಾಂತಿ – ಇದೇ ಲಕ್ಷಣ. ನಮ್ಮಲ್ಲಿ ಎಲ್ಲ ಹೊಟ್ಟೆನೋವಿಗೂ ‘ಗ್ಯಾಸ್ಟ್ರಿಕ್’ ಎಂದೇ ಹೆಸರು, ಎಡವುವುದು ಇಲ್ಲೇ. ನಡುವೆ ನೋವು ಇಳಿದರೂ ವಾಸಿಯಾಯಿತೆಂದಲ್ಲ: ಬಿಚ್ಚಿಕೊಂಡ ಓವರಿ ಮತ್ತೆ ಸುತ್ತಬಹುದು.

ಇಂಥ ನೋವು ಬಂದಾಗ ಹೊಟ್ಟೆ ನೀವಬೇಡಿ, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆ ನುಂಗಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ತೋಟದ ಕಾರ್ಮಿಕರ ಲೈನ್‌ಮನೆಗೆ ಆಂಬುಲೆನ್ಸ್ ಬಾರದಿದ್ದರೆ ಎಸ್ಟೇಟ್ ಜೀಪಿನಲ್ಲಿ ಟಾರು ರಸ್ತೆಗೆ ಬನ್ನಿ. ಎಡಮಗ್ಗುಲಲ್ಲಿ ಮಲಗಿಸಿ. ಅರಿವಳಿಕೆ ಕೊಡಬೇಕಾಗಬಹುದು, ದಾರಿಯಲ್ಲಿ ಗಂಜಿ, ಕಾಫಿ ಏನೂ ಬೇಡ. ಕೊನೆಯ ತುತ್ತು ತಿಂದ ಹೊತ್ತನ್ನು ತಾಯಿ ಕಾರ್ಡಿನ ಮೇಲೆ ಬರೆದುಕೊಡಿ.