ಸೈಪ್ರಸ್‌ನ ಎರಡು ಪಟ್ಟಿಗಳನ್ನು ತಾಳೆ ನೋಡಿದಾಗ

ಮಡಿಕೇರಿಯಲ್ಲಿ ಬೆಳೆದ ನನಗೆ ಸೈಪ್ರಸ್ ಎಂಬ ಹೆಸರು ಮೊದಲು ಕಿವಿಗೆ ಬಿದ್ದದ್ದು ಜನರಲ್ ತಿಮ್ಮಯ್ಯನವರಿಂದಾಗಿ. ಅಲ್ಲಿನ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ, 1965ರಲ್ಲಿ, ಅವರು ಆ ದ್ವೀಪದಲ್ಲಿ ತೀರಿಕೊಂಡರು. ಅವರು ಕಾದ ಗ್ರೀಕ್ ಮಾತಿನ, ತುರ್ಕಿ ಮಾತಿನ ಎರಡು ಸಮುದಾಯಗಳ ವಂಶವಾಹಿಗಳನ್ನು ಮುಂದೊಂದು ದಿನ ನಾನು ಪಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ ಎಂದುಕೊಂಡಿರಲಿಲ್ಲ.

ನನ್ನ ಕೆಲಸ ಡಿಎನ್‌ಎ ದತ್ತಾಂಶದ ವಿಶ್ಲೇಷಣೆ. ಗ್ರೀಕ್ ಮಾತಿನ ಮತ್ತು ತುರ್ಕಿ ಮಾತಿನ ಸೈಪ್ರಸ್ ಗಂಡಸರ ವೈ ವರ್ಣತಂತುವಿನ ಪ್ರಕಟಿತ ಪಟ್ಟಿಗಳನ್ನು ತೆಗೆದುಕೊಂಡೆ. ಗಂಡಸರಲ್ಲಿ ಮಾತ್ರ ಇರುವ ವೈ ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಹಾಗೆಯೇ ಇಳಿದುಬರುತ್ತದೆ. ಅದರ 17 ಜಾಗಗಳಲ್ಲಿ ಡಿಎನ್‌ಎ ಅಕ್ಷರಗಳ ಒಂದೊಂದು ಚಿಕ್ಕ ಗುಚ್ಛ ಎಷ್ಟು ಸಲ ಮರುಕಳಿಸಿದೆ ಎಂದು ಎಣಿಸಿರುತ್ತಾರೆ. ಒಬ್ಬ ಗಂಡಸಿಗೆ 17 ಅಂಕಿಗಳ ಒಂದು ಸಾಲು. ಎರಡು ಸಾಲುಗಳ ನಡುವೆ ವ್ಯತ್ಯಾಸ ಕಡಿಮೆಯಿದ್ದಷ್ಟೂ ಆ ಇಬ್ಬರು ಹತ್ತಿರದ ದಾಯಾದಿಗಳು.

ಮೊದಲ ಲೆಕ್ಕದಲ್ಲೇ ಎಡವಿದೆ. ಡಿವೈಎಸ್ 389 ಎಂಬ ಜಾಗಕ್ಕೆ ಎರಡು ಅಂಕಿಗಳಿರುತ್ತವೆ. ಎರಡನೆಯದರೊಳಗೆ ಮೊದಲನೆಯದೂ ಸೇರಿರುತ್ತದೆ. ಒಬ್ಬನದು 13 ಮತ್ತು 29, ಇನ್ನೊಬ್ಬನದು 12 ಮತ್ತು 28 ಎಂದಿಟ್ಟುಕೊಳ್ಳಿ. 29ರಲ್ಲಿ 13 ಕಳೆದರೂ 28ರಲ್ಲಿ 12 ಕಳೆದರೂ ಉಳಿಯುವುದು 16. ಅಂದರೆ ಬದಲಾದದ್ದು ಒಂದೇ ಕಡೆ. ನಾನು ಕಳೆಯದೆ ಬಿಟ್ಟಿದ್ದರಿಂದ ಒಂದು ವ್ಯತ್ಯಾಸ ಎರಡಾಗಿ, ಹತ್ತಿರದ ದಾಯಾದಿಗಳೂ ದೂರದವರಂತೆ ಕಂಡರು. ತಪ್ಪು ಸಿಕ್ಕಿದ್ದು ಎರಡು ವಾರದ ನಂತರ.

ತಿದ್ದಿದ ಮೇಲೆ ಕಂಡದ್ದು 2017ರ ಅಧ್ಯಯನವೊಂದು ಆಗಲೇ ಹೇಳಿದ್ದ ಮಾತೇ. ಎರಡೂ ಸಮುದಾಯಗಳ ನಡುವೆ ಶೇಕಡ 7ರಿಂದ 8ರಷ್ಟು ಸಾಲುಗಳು ಸಮಾನ. ತುರ್ಕಿ ಮಾತಿನವರು ಮುಖ್ಯಭೂಮಿಯ ತುರ್ಕರೊಂದಿಗೆ ಹಂಚಿಕೊಂಡದ್ದು ಸುಮಾರು ಶೇಕಡ 3. ಇದಕ್ಕೆ ಇತಿಹಾಸದಲ್ಲಿ ಕಾರಣವಿದೆ. 1571ರಲ್ಲಿ ಒಟ್ಟೊಮನ್ನರು ದ್ವೀಪವನ್ನು ಗೆದ್ದ ಮೇಲೆ ಹೊರಗಿನಿಂದ ಬಂದು ನೆಲೆಸಿದವರಿದ್ದರು, ಜೊತೆಗೆ ಧರ್ಮ ಬದಲಿಸಿದ ಸ್ಥಳೀಯರೂ ಇದ್ದರು. ಚರ್ಚಿಗೊಂದು, ಮಸೀದಿಗೊಂದು ಎಂದು ಎರಡೆರಡು ಹೆಸರು ಇಟ್ಟುಕೊಂಡವರನ್ನು ಜನ ‘ಲಿನೋಬಂಬಾಕಿ’ ಎನ್ನುತ್ತಿದ್ದರು: ಅಗಸೆ ನಾರು ಮತ್ತು ಹತ್ತಿಯನ್ನು ಬೆರೆಸಿ ನೇಯ್ದ ಬಟ್ಟೆಯಂಥವರು. ಇಷ್ಟು ಒಪ್ಪುವ ಹೆಸರನ್ನು ನಮ್ಮ ಶಾಸ್ತ್ರ ಇನ್ನೂ ಕಂಡುಕೊಂಡಿಲ್ಲ.

ತುರ್ಕಿ ಮಾತಿನ ಸೈಪ್ರಸ್ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ನೋಡಿ, “ಹಾಗಾದರೆ ನಮ್ಮ ಹಿರಿಯರು ಗ್ರೀಕರೇ?” ಎಂದು ಕೇಳಿದರು. ಹೌದು ಎನ್ನಲು ನನಗೆ ಮನಸ್ಸು ಬರಲಿಲ್ಲ. ಗ್ರೀಕ್ ಮಾತಿನ ಸೈಪ್ರಸಿಗರ ತಂದೆಯ ಕವಲುಗಳೇ ಲೆಬನಾನಿನವರಿಗೂ ಇಟಲಿಯ ಕಲಾಬ್ರಿಯಾದವರಿಗೂ ತೀರ ಹತ್ತಿರ. ಎರಡೂ ಸಮುದಾಯಗಳದು ದ್ವೀಪದ ಹಳೆಯ ಬೇರು, ಅಷ್ಟು ಮಾತ್ರ ಹೇಳಬಹುದು. ಅದೂ ಒಂದೇ ಎಳೆಯ ಮಾತು. 1571ರಿಂದ ಇಲ್ಲಿಯವರೆಗೆ ಹದಿನೈದು ತಲೆಮಾರು ಎಂದುಕೊಂಡರೆ, ಆ ಮಟ್ಟದಲ್ಲಿ ಒಬ್ಬರಿಗೆ 32,768 ಪೂರ್ವಜರ ಸ್ಥಾನಗಳಿರುತ್ತವೆ. ವೈ ಅದರಲ್ಲಿ ಒಬ್ಬನ ಸುದ್ದಿಯನ್ನಷ್ಟೇ ತರುತ್ತದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನಗೆ ವೈ ಇಲ್ಲವೇ ಇಲ್ಲವಲ್ಲ, ನನ್ನ ಅಜ್ಜಿಯ ಕಡೆಯದು?” ಎಂದರು. ತಾಯಿಯಿಂದ ಮಕ್ಕಳಿಗೆ ಇಳಿಯುವ ಮೈಟೊಕಾಂಡ್ರಿಯಾ ಡಿಎನ್‌ಎಯ ಪಟ್ಟಿಗಳನ್ನು ಈ ವಾರ ತೆರೆದಿದ್ದೇನೆ.